ಬುಡದಲ್ಲಿ ಹಟ

ಕುಂಡದಲ್ಲಿ ಪುಟ್ಟ ಮರ ಬೆಳೆಸುವ ಬೋನ್ಸಾಯ್ ಕಲಿತ ಕೈಗೆ ಒಂದು ಚಾಳಿ ಅಂಟಿರುತ್ತದೆ: ತುದಿಯನ್ನು ಚಿವುಟುತ್ತಲೇ ಇರುವುದು, ಬುಡದ ಕೊಂಬೆಗಳನ್ನು ಅವುಗಳ ಪಾಡಿಗೆ ಬಿಡುವುದು. ಪೈನ್, ಮೇಪಲ್‌ಗಳಿಗೆ ಅದೇ ಸರಿ. ಅವುಗಳ ಕಸುವೆಲ್ಲ ತಲೆಗೇರುತ್ತದೆ. ಅದೇ ಕೈಯನ್ನು ಅಜೇಲಿಯಾ ಎಂಬ ಹೂಗಿಡದ ಮೇಲೆ ಆಡಿಸಿದರೆ ಕೆಲವೇ ವರ್ಷಗಳಲ್ಲಿ ನೆತ್ತಿ ಸೊರಗಿ, ಕೆಳಗೆ ಮಾತ್ರ ಕೊಬ್ಬು ಉಳಿಯುತ್ತದೆ. ಇದು ಹುಟ್ಟಾ ಪೊದೆ. ಮರವಾಗಬೇಕೆಂಬ ಆಸೆಯೆಲ್ಲ ನಮ್ಮದು. ಆದ್ದರಿಂದ ಕೆಳಗಿನ ಕೊಂಬೆಗಳಿಗೆ ಕತ್ತರಿ ಬಿಗಿಯಾಗಿರಲಿ, ನೆತ್ತಿಗೆ ಸಡಿಲವಾಗಿರಲಿ. ಬುಡದಿಂದ ಏಳುವ ಎಳೆ ಚಿಗುರು ಕಂಡ ದಿನವೇ ಹೋಗಬೇಕು.

ಬೇರಿನದು ಇನ್ನೊಂದು ರಗಳೆ. ಕೂದಲಿನಷ್ಟು ಸಣ್ಣ ಬೇರುಗಳು ಒತ್ತೊತ್ತಾಗಿ ಹೆಣೆದುಕೊಂಡು ಚಾಪೆಯಾಗುತ್ತವೆ. ಆ ಗಡ್ಡೆಯ ನಡುಭಾಗ ಒಮ್ಮೆ ಪೂರ್ತಿ ಒಣಗಿತೋ, ಮೇಲಿನಿಂದ ಎಷ್ಟು ನೀರು ಸುರಿದರೂ ಪಕ್ಕದಿಂದ ಜಾರಿಹೋಗುತ್ತದೆ. ಕುಂಡದ ತೂತಿನಿಂದ ನೀರು ಹರಿಯುತ್ತಿರುತ್ತದೆ, ಗಿಡ ಮಾತ್ರ ಬಾಯಾರಿ ಬಾಡುತ್ತಿರುತ್ತದೆ. ಆಗ ಕುಂಡವನ್ನು ಬಕೆಟ್ಟಿನಲ್ಲಿ ಮುಳುಗಿಸಿ, ಗುಳ್ಳೆ ನಿಲ್ಲುವವರೆಗೆ ಇಡುವುದೇ ದಾರಿ. ಕುಂಡ ಬದಲಿಸುವಾಗ ಕಬ್ಬಿಣದ ಕೊಕ್ಕೆಯಿಂದ ಎಳೆದರೆ ಬೇರು ಹರಿದು ಬರುತ್ತದೆ. ಬಿದಿರು ಕಡ್ಡಿಯಿಂದ ಅಂಚಿನಿಂದ ಬಿಡಿಸುತ್ತ, ನೀರು ಚಿಮ್ಮಿಸಿ ತೊಳೆಯುವುದು ಮೇಲು.

ಮಣ್ಣು ಹುಳಿಯಾಗಿರಬೇಕು, ಪಿಎಚ್ 5ರ ಆಸುಪಾಸು. ಜಪಾನಿನಲ್ಲಿ ಸತ್ಸುಕಿ ಎಂಬ ಬಗೆಯ ಅಜೇಲಿಯಾ ಬೆಳೆಸುವವರು ತೊಚಿಗಿ ಪ್ರಾಂತ್ಯದ ಕನುಮಾದ ಜ್ವಾಲಾಮುಖಿ ಮಣ್ಣನ್ನೇ ನೆಚ್ಚುತ್ತಾರೆ. ಒದ್ದೆಯಾದಾಗ ಗಾಢ ಹಳದಿ, ಒಣಗಿದಾಗ ಪೇಲವ. ನೀರು ಬೇಕೇ ಎಂದು ಬಣ್ಣವೇ ಹೇಳುತ್ತದೆ. ಆದರೆ ಇದರ ಹರಳು ಮೆದು. ಪುಡಿಯನ್ನು ಜರಡಿ ಹಿಡಿದು ತೆಗೆಯದಿದ್ದರೆ ಕೆಸರಾಗಿ ಬೇರಿನ ಉಸಿರು ಕಟ್ಟುತ್ತದೆ. ಸುಣ್ಣದಂಶದ ಗಡಸು ನೀರು ಹಾಕುತ್ತ ಹೋದರೆ ಕಬ್ಬಿಣ ಮಣ್ಣಿನಲ್ಲಿದ್ದೂ ಗಿಡಕ್ಕೆ ದಕ್ಕುವುದಿಲ್ಲ: ಎಳೆ ಎಲೆ ಹಳದಿ, ನರ ಮಾತ್ರ ಹಸಿರು. ಗೊಬ್ಬರ ಸುರಿದರೆ ಇದು ವಾಸಿಯಾಗದು, ಮಳೆನೀರಿಗೆ ಒಲಿಯುತ್ತದೆ.

ಹೂ ಮುಗಿದ ಕೂಡಲೇ ಕತ್ತರಿಯ ಕಾಲ. ಎಸಳನ್ನಷ್ಟೇ ಕಿತ್ತರೆ ಸಾಲದು. ಬುಡದ ಅಂಡಾಶಯವನ್ನೂ ತೆಗೆಯಬೇಕು, ಇಲ್ಲವಾದರೆ ಗಿಡ ಬೀಜ ಕಟ್ಟುವುದರಲ್ಲೇ ದಣಿಯುತ್ತದೆ. ಹೂವಿದ್ದ ಜಾಗದ ಸುತ್ತ ನಾಲ್ಕೈದು ಚಿಗುರು ಒಟ್ಟಿಗೇ ಹೊರಡುತ್ತವೆ. ಎಲ್ಲವನ್ನೂ ಬಿಟ್ಟರೆ ಆ ಗೆಣ್ಣು ಗಂಟುಗಟ್ಟುತ್ತದೆ. ಅಕ್ಕಪಕ್ಕಕ್ಕೆ ಚಾಚಿದ ಎರಡನ್ನು ಉಳಿಸಿ, ಒಂದೊಂದರಲ್ಲೂ ಎರಡು ಎಲೆ ಬಿಟ್ಟು ಕತ್ತರಿಸಬೇಕು. ಇದಕ್ಕೆ ಗಡುವಿದೆ: ನಡು ಬೇಸಿಗೆಗೆ ಮುಂದಿನ ವರ್ಷದ ಮೊಗ್ಗು ಚಿಗುರಿನ ತುದಿಯಲ್ಲಿ ರೂಪುಗೊಳ್ಳುತ್ತದೆ. ಆಮೇಲೆ ಅಂದ ತಿದ್ದಲು ಹೊರಟವರು ಕತ್ತರಿಸುವುದು ಹೂವನ್ನೇ.

ಹಳೆಯ ಬೋಳು ಕಾಂಡದಿಂದಲೂ ಚಿಗುರೊಡೆಯುವ ಔದಾರ್ಯ ಇದಕ್ಕುಂಟು. ಬಾಗಿಸಲು ಹೋದಾಗ ಮಾತ್ರ ಔದಾರ್ಯವೆಲ್ಲ ಮುಗಿಯುತ್ತದೆ; ಕೊಂಬೆ ಕವಲಿನಲ್ಲೇ ಸೀಳುತ್ತದೆ. ತಂತಿ ಸುತ್ತುವ ಮುನ್ನ ಒಂದು ದಿನ ನೀರು ತಡೆದರೆ ತುಸು ಮೆತ್ತಗಾಗುತ್ತದೆ. ಆದರೂ ಎಳೆಯದನ್ನು ಬಾಗಿಸುವುದು, ದಪ್ಪದ್ದನ್ನು ಕತ್ತರಿಸಿ ಹೊಸದನ್ನು ಬೆಳೆಸುವುದು ಲೇಸು. ದೊಡ್ಡ ಗಾಯ ಬೇಗ ಮಾಯುವುದಿಲ್ಲ, ಕೊಳೆಯಬಹುದು, ಲೇಪ ಹಚ್ಚಬೇಕು.

ಅಜೇಲಿಯಾದ ನಂಟ, ಅಗಲ ಎಲೆಯ ರೋಡೊಡೆಂಡ್ರಾನ್ ಮೇಲೆ ಕಣ್ಣಿಡುವವರೂ ಇದ್ದಾರೆ. ಕುಂಡದಲ್ಲಿ ಎಲೆ ಒಂದಿಷ್ಟು ಕುಗ್ಗೀತು, ಹೂ ಕುಗ್ಗುವುದಿಲ್ಲ. ಮೊಳ ಎತ್ತರದ ಮರದ ಮೇಲೆ ಆ ಗೊಂಚಲು, ಪುಟ್ಟ ಮಗುವಿಗೆ ಅಜ್ಜನ ಪೇಟ ತೊಡಿಸಿದಂತೆ. ಸಣ್ಣ ಹೂವಿನ ಕುರುಮೆ ಅಜೇಲಿಯಾಗಳು ಪುಟ್ಟ ಮರಕ್ಕೆ ಒಪ್ಪುತ್ತವೆ.

ಸತ್ಸುಕಿಯ ಮೋಜಿರುವುದು ಬಣ್ಣದಲ್ಲಿ. ಹಲವು ತಳಿಗಳಲ್ಲಿ ಒಂದೇ ಗಿಡ ಬಿಳಿ, ಕೆಂಪು, ಗೆರೆಯ ಹೂ ಮೂರನ್ನೂ ಬಿಡುತ್ತದೆ. ಅಪ್ಪಟ ಕೆಂಪಿನ ಕೊಂಬೆಗಳು ಮತ್ತೆ ಗೆರೆಗೆ ಮರಳುವುದು ಅಪರೂಪ. ತಡೆಯದಿದ್ದರೆ ಮರವಿಡೀ ಏಕಬಣ್ಣಕ್ಕೆ ತಿರುಗುತ್ತದೆ. ಹೂ ಉದುರಿದ ಮೇಲೆ ಯಾವ ಕೊಂಬೆ ಯಾವ ಬಣ್ಣದ್ದೆಂದು ಎಲೆ ನೋಡಿ ಹೇಳುವುದು ಕಷ್ಟ. ಅದಕ್ಕೇ ಅರಳಿರುವಾಗಲೇ ಕೆಂಪಿನ ಕೊಂಬೆಗಳಿಗೆ ಒಂದೊಂದು ದಾರ ಕಟ್ಟಿಟ್ಟುಕೊಂಡು, ಕತ್ತರಿ ಹಿಡಿದಾಗ ಮೊದಲು ಅವನ್ನೇ ಮೊಟಕು ಮಾಡಬೇಕು.