ಸ್ಪಷ್ಟನೆ: ಎರಡೂ ಕಡೆ ಹೆಡ್‌ಸೆಟ್ ಇರಲೇಬೇಕಿಲ್ಲ

“ಮಿಕ್ಸ್ಡ್ ರಿಯಾಲಿಟಿಯಲ್ಲಿ ದೂರದವರ ಜೊತೆ ಕೆಲಸ ಮಾಡೋಕೆ ಎರಡೂ ಕಡೆ ಹೆಡ್‌ಸೆಟ್ ಇರಲೇಬೇಕು” ಎಂಬ ಮಾತು ಹರಿದಾಡುತ್ತಿದೆ. ಇದು ತಪ್ಪು. (ಮಿಕ್ಸ್ಡ್ ರಿಯಾಲಿಟಿ ಅಂದರೆ ಕಣ್ಣೆದುರಿನ ನಿಜವಾದ ಜಾಗದ ಮೇಲೇ ಡಿಜಿಟಲ್ ಚಿತ್ರ, ಗುರುತು ಮೂಡಿಸುವ ತಂತ್ರ; ಹೆಡ್‌ಸೆಟ್ ಅಂದರೆ ಅದನ್ನು ತೋರಿಸುವ, ತಲೆಗೆ ಹಾಕುವ ಕನ್ನಡಕದಂಥ ಸಾಧನ.)

ದೂರದಿಂದಲೇ ನೆರವು ಕೊಡುವ ಮೈಕ್ರೋಸಾಫ್ಟ್‌ನ ರಿಮೋಟ್ ಅಸಿಸ್ಟ್ ಆ್ಯಪ್ ತಗೊಳ್ಳಿ. ಯಂತ್ರದ ಮುಂದೆ ನಿಂತ ಮೆಕ್ಯಾನಿಕ್ ಅದೇ ಕಂಪನಿಯ ಹೆಡ್‌ಸೆಟ್ ಹೋಲೋಲೆನ್ಸ್ 2 ಹಾಕಿಕೊಂಡಿರುತ್ತಾರೆ. ತಜ್ಞರು ಬೇರೆ ಊರಲ್ಲಿ, ಲ್ಯಾಪ್‌ಟಾಪ್ ಮುಂದೆ, ಟೀಮ್ಸ್ ಆ್ಯಪ್‌ನ ವಿಡಿಯೋ ಕಾಲ್‌ನಲ್ಲಿ. ಮೆಕ್ಯಾನಿಕ್ ನೋಡುತ್ತಿರುವುದೇ ಇವರ ಪರದೆಯಲ್ಲೂ ಕಾಣುತ್ತದೆ. ಇವರು ಮೌಸ್ ಹಿಡಿದು ಒಂದು ವಾಲ್ವ್‌ಗೆ ಬಾಣದ ಗುರುತು ಹಾಕಿದರೆ, ಅದು ಅಲ್ಲಿ ಆ ವಾಲ್ವ್ ಮೇಲೇ ಮೂಡುತ್ತದೆ. ಮೆಕ್ಯಾನಿಕ್ ತಲೆ ಆಚೀಚೆ ತಿರುಗಿಸಿದರೂ ಬಾಣ ಜಾಗ ಬಿಡುವುದಿಲ್ಲ. ಹೆಡ್‌ಸೆಟ್‌ನ ಕ್ಯಾಮೆರಾ, ಸೆನ್ಸರ್‌ಗಳು ಸುತ್ತಲಿನ ಜಾಗವನ್ನು ಅಳೆಯುತ್ತಲೇ ಇರುತ್ತವೆ, ಅದಕ್ಕೆ. ನನಗೆ ಜಾಸ್ತಿ ಹಿಡಿಸಿದ್ದು ಇದೇ.

ಲ್ಯಾಪ್‌ಟಾಪ್‌ನವರಿಗೆ ಕಾಣುವುದು ಬರೀ ವಿಡಿಯೋ, ಆಳ ತಿಳಿಯುವುದಿಲ್ಲ ಎನ್ನುವುದು ನಿಜ. ಹೋಲೋಲೆನ್ಸ್ 2 ತಯಾರಿಕೆ 2024ರಲ್ಲಿ ನಿಂತಿದ್ದೂ ನಿಜ. ಆದರೆ ಭದ್ರತಾ ಅಪ್ಡೇಟ್ 2027ರ ಕೊನೆವರೆಗೆ ಕೊಡುತ್ತೇವೆಂದು ಕಂಪನಿ ಹೇಳಿದೆ.