ಪ್ಯೂರಿಟನ್ ಅಂದ್ರೆ ಮಡಿವಂತ ಅಲ್ಲ ಮಾರಾಯ್ರೇ

ಬೆಳಿಗ್ಗೆ ಬೆಳಿಗ್ಗೆ ಇನ್ನೊಂದು ಅನುವಾದ ಕಣ್ಣಿಗೆ ಬಿತ್ತು. 'ಪ್ಯೂರಿಟನ್' ಇದ್ದಲ್ಲೆಲ್ಲ 'ಮಡಿವಂತ'. ಕಾಫಿ ಆರಿತು, ಸಿಟ್ಟು ಆರಲಿಲ್ಲ.

ಸ್ವಾಮೀ, ಮಡಿ ಅಂದರೇನು? ಯಾವ ಬಟ್ಟೆ, ಯಾವ ಜಾಗ, ಯಾರು ಮುಟ್ಟಿದರು. ಪ್ಯೂರಿಟನ್ನರು ಹದಿನಾರು-ಹದಿನೇಳನೇ ಶತಮಾನದ ಇಂಗ್ಲೆಂಡಿನ ಪ್ರೊಟೆಸ್ಟೆಂಟ್ ಸುಧಾರಕರು; ಅವರ ಜಗಳ ಶುರುವಾದದ್ದೇ ಈ ಬಗೆಯ ಶಾಸ್ತ್ರದ ವಿರುದ್ಧ. 1603ರಲ್ಲಿ ಜೇಮ್ಸ್ ದೊರೆಗೆ ಅವರು ಕೊಟ್ಟ ಮನವಿ ನೋಡಿ: ದೀಕ್ಷಾಸ್ನಾನದಲ್ಲಿ ಮಗುವಿಗೆ ಶಿಲುಬೆ ಗುರುತು ಬೇಡ, ಮದುವೆಗೆ ಉಂಗುರದ ಶಾಸ್ತ್ರ ಬೇಡ, ಪಾದ್ರಿಗೆ ಬಿಳಿ ನಿಲುವಂಗಿಯ ಒತ್ತಾಯ ಬೇಡ. ಅಮೆರಿಕದ ಮ್ಯಾಸಚೂಸೆಟ್ಸ್‌ಗೆ ಹೋದಮೇಲಂತೂ ಮದುವೆ ಮಾಡಿಸಿದ್ದು ಪಾದ್ರಿಯಲ್ಲ, ಮ್ಯಾಜಿಸ್ಟ್ರೇಟ್. ಭಾನುವಾರ ಪಾದ್ರಿಯ ಪ್ರಸಂಗ (ಉಪದೇಶ) ನಡೆದ ಕಟ್ಟಡದಲ್ಲೇ ಊರಿನ ತೆರಿಗೆ, ಬೇಲಿ ತಕರಾರಿನ ಸಭೆ. ಅದಕ್ಕೆ ಹೆಸರೂ 'ಮೀಟಿಂಗ್ ಹೌಸ್'. ಇದು ಮಡಿಯಾ?

ಕ್ರಿಸ್‌ಮಸ್ ಆಚರಿಸಿದವರಿಗೆ 1659ರಿಂದ 1681ರವರೆಗೆ ಅಲ್ಲಿ ಐದು ಶಿಲ್ಲಿಂಗ್ ದಂಡ ಇತ್ತು, ಹೌದು. ಖುಷಿಯ ಮೇಲಿನ ದ್ವೇಷಕ್ಕಲ್ಲ. ಆ ಹಬ್ಬ ಬೈಬಲ್ಲಿನಲ್ಲಿ ಇಲ್ಲವಲ್ಲ ಅಂತ. ಬಿಯರ್ ಮಾತ್ರ ಮನೆಮನೆಯಲ್ಲೂ. ಇನ್ನು ಪ್ಯೂರಿಟನ್ ಅಂದಕೂಡಲೇ ನೆನಪಾಗೋ ಆ ಕಪ್ಪು ಬಟ್ಟೆ! ಗಾಢ ಕಪ್ಪು ಬಣ್ಣ ಹತ್ತಿಸುವುದು ಆಗ ದುಬಾರಿ, ಹಾಗಾಗಿ ಅದು ಭಾನುವಾರಕ್ಕೆ, ತೈಲಚಿತ್ರಕ್ಕೆ. ದಿನಬಳಕೆಗೆ ಕಂದು, ಹಸಿರು, ತುಕ್ಕುಗೆಂಪು. ನಮಗೆ ಸಿಕ್ಕಿದ್ದು ತೈಲಚಿತ್ರ.

ಅವರ ಧರ್ಮ ಹೇಗೆ ನಡೀತಿತ್ತು ಅನ್ನೋದಕ್ಕೆ ಇಂಗ್ಲೆಂಡಿನ ಕಿಡರ್‌ಮಿನ್‌ಸ್ಟರ್ ಅನ್ನೋ ನೇಕಾರರ ಊರಿನ ಪಾದ್ರಿ ರಿಚರ್ಡ್ ಬ್ಯಾಕ್ಸ್‌ಟರ್ ಸಾಕು. ಸೋಮವಾರ, ಮಂಗಳವಾರ ಬೆಳಿಗ್ಗೆಯಿಂದ ಹೆಚ್ಚೂಕಡಿಮೆ ರಾತ್ರಿತನಕ ಅವನೂ ಅವನ ಸಹಾಯಕನೂ ಒಂದೊಂದೇ ಕುಟುಂಬವನ್ನು ಕೂರಿಸಿಕೊಂಡು ಮಾತಾಡಿಸೋರು. ವಾರಕ್ಕೆ 15–16 ಕುಟುಂಬ, ವರ್ಷ ಮುಗಿಯೋದರೊಳಗೆ 800 ದಾಟಬೇಕು. ಹತ್ತು ವರ್ಷ ಪ್ರಸಂಗ ಕೇಳಿಯೂ ತಲೆಗೆ ಹತ್ತದವರಿಗೆ ಅರ್ಧ ಗಂಟೆ ಎದುರಾಬದುರು ಮಾತಾಡಿದರೆ ಹತ್ತುತ್ತೆ ಅಂತ ಅವನೇ ಬರೆದಿಟ್ಟಿದ್ದಾನೆ. ಪ್ರಸಂಗಿಯೊಬ್ಬ ಇದನ್ನು ಒಪ್ಪಿಕೊಳ್ಳೋದು ಸಣ್ಣ ಮಾತಲ್ಲ. 1662ರಲ್ಲಿ ಸರ್ಕಾರಿ ಪ್ರಾರ್ಥನಾ ಪುಸ್ತಕಕ್ಕೆ ತಲೆಬಾಗದೆ ಕೆಲಸ ಬಿಟ್ಟ ಸುಮಾರು 2000 ಪಾದ್ರಿಗಳ ಸಾಲಿನಲ್ಲಿ ಇವನೂ ಒಬ್ಬ. ನಮ್ಮ ಬಳ್ಳಾರಿಗೆ 1810ರಲ್ಲಿ ಬಂದು ಬೈಬಲ್ಲನ್ನು ಕನ್ನಡಕ್ಕೆ ತರಲು ಕೂತ ಜಾನ್ ಹ್ಯಾಂಡ್ಸ್ ಕೂಡ ಇದೇ ಪರಂಪರೆಯ ಕೊಂಬೆ.

'ಹಾಗಾದ್ರೆ ಮ್ಯಾಸಚೂಸೆಟ್ಸ್‌ನ ಸೇಲಂ?' ಬಂತಲ್ಲ, ಕಾಯ್ತಾ ಇದ್ದೆ. 1692ರಲ್ಲಿ ಅಲ್ಲಿ ಮಾಟ ಮಾಡಿದರು ಅನ್ನೋ ಆರೋಪಕ್ಕೆ 19 ಜನಕ್ಕೆ ಗಲ್ಲು. ಜೈಲ್ಸ್ ಕೋರಿ ಅನ್ನೋ ಮುದುಕನ ಮೇಲೆ ಕಲ್ಲು ಹೇರಿ ಕೊಂದರು. ಅದಕ್ಕೂ ಮೊದಲು ಬಾಸ್ಟನ್‌ನಲ್ಲಿ ಕ್ವೇಕರ್ ಅನ್ನೋ ಇನ್ನೊಂದು ಕ್ರೈಸ್ತ ಪಂಥದ ನಾಲ್ವರಿಗೂ ಗಲ್ಲು. ಇದಕ್ಕೆಲ್ಲ ಸಬೂಬು ಹೇಳೋ ಮುಖ ನನಗಿಲ್ಲ. ಆದರೆ ಸೇಲಂನಲ್ಲಿ ಕೆಟ್ಟದ್ದು ಎಲ್ಲಿ? 'ಆಕೆಯ ಛಾಯೆ ಬಂದು ನನ್ನ ಚಿವುಟಿತು' ಅನ್ನೋದನ್ನೇ ಸಾಕ್ಷಿ ಅಂತ ಕೋರ್ಟು ಬರೆದುಕೊಂಡಾಗ. ಒಬ್ಬ ನಿರಪರಾಧಿ ಸಾಯೋದಕ್ಕಿಂತ ಹತ್ತು ಶಂಕಿತರು ತಪ್ಪಿಸಿಕೊಳ್ಳಲಿ ಅಂತ ಅದೇ ಅಕ್ಟೋಬರಿನಲ್ಲಿ ಬರೆದ ಇನ್‌ಕ್ರೀಸ್ ಮೇದರ್ ಯಾರು? ಪ್ಯೂರಿಟನ್ ಪಾದ್ರಿ. ಆ ತಿಂಗಳೇ ಗವರ್ನರ್ ಆ ಕೋರ್ಟು ಮುಚ್ಚಿದ.

1697ರ ಜನವರಿ 14, ಉಪವಾಸದ ದಿನ. ಸೇಲಂನಲ್ಲಿ ತೀರ್ಪು ಕೊಟ್ಟವರಲ್ಲಿ ಒಬ್ಬನಾದ ಸ್ಯಾಮುಯೆಲ್ ಸೀವಲ್ ಬಾಸ್ಟನ್ನಿನ ಸಭೆಯಲ್ಲಿ ಪಾದ್ರಿಯ ಕೈಗೆ ಚೀಟಿ ಕೊಟ್ಟ. ಪಾದ್ರಿ ಅದನ್ನು ಓದುವಷ್ಟು ಹೊತ್ತೂ ಎಲ್ಲರೆದುರು ಎದ್ದು ನಿಂತಿದ್ದ. ಓದಿ ಮುಗಿದಾಗ ತಲೆಬಾಗಿದ. 'ತಪ್ಪೂ ನಾಚಿಕೆಯೂ ನನ್ನವು' ಅನ್ನೋದು ಚೀಟಿಯ ಸಾರಾಂಶ.

ಮುಖ್ಯ ನ್ಯಾಯಾಧೀಶ ವಿಲಿಯಂ ಸ್ಟೌಟನ್ ಹಾಗೆ ನಿಲ್ಲಲೇ ಇಲ್ಲ. ಮ್ಯಾಸಚೂಸೆಟ್ಸ್‌ನಲ್ಲಿ ಅವನ ಹೆಸರಿನ ಊರು ಇವತ್ತಿಗೂ ಇದೆ.