ವಿಷಲ್ ಕೂಗದ ಕುಕ್ಕರ್

ಮೈಸೂರಿನವರಿಗೆ ಯಾವುದಕ್ಕೂ ಅವಸರವಿಲ್ಲ ಎಂದು ಬೆಂಗಳೂರಿನ ನೆಂಟರು ಆಡಿಕೊಳ್ಳುವುದುಂಟು. ಅವರು ಕುವೆಂಪುನಗರದ ಯಾವುದಾದರೂ ಮನೆಯಲ್ಲಿ ಸ್ಲೋ ಕುಕ್ಕರಿನೊಳಗೆ ಆಲೂಗಡ್ಡೆ ಸೂಪಿಗೆ ಇಟ್ಟು, ಹಜಾರದಲ್ಲಿ ಕೂತು ನೋಡಬೇಕು. ಹತ್ತು ನಿಮಿಷಕ್ಕೊಬ್ಬರು ಅಡುಗೆಮನೆಗೆ ಹೋಗಿ ಮುಚ್ಚಳ ಎತ್ತಿ ನೋಡಿ ಬರುತ್ತಾರೆ. "ಎಷ್ಟು ವಿಷಲ್ ಆಯ್ತಮ್ಮ?" ಅಂತ ಪೇಪರ್ ಓದುತ್ತಿರುವ ಮಾವನವರು ಕೇಳುತ್ತಾರೆ. "ಇದು ಕೂಗಲ್ಲ ಮಾವ" ಅಂದರೆ, "ಗ್ಯಾಸ್ಕೆಟ್ ಹೋಗಿರ್ಬೇಕು, ಹೊಸದು ತರ್ಸು" ಅನ್ನುತ್ತಾರೆ. ಬೇಳೆಗೆ ಮೂರು, ಕಡಲೆಕಾಳಿಗೆ ಆರು ಅಂತ ಹೊತ್ತನ್ನೇ ವಿಷಲ್ಲಿನಲ್ಲಿ ಎಣಿಸುವ ಮನೆಗಳಿಗೆ, ನಾಲ್ಕು ಗಂಟೆ ಉಸಿರೆತ್ತದೆ ಕೂರುವ ಪಾತ್ರೆಯ ಮೇಲೆ ನಂಬಿಕೆ ಹುಟ್ಟುವುದು ಕಷ್ಟ. ಸ್ಲೋ ಕುಕ್ಕರಿನ ಅಡುಗೆ ಕೆಡುವುದು ಮುಕ್ಕಾಲು ಪಾಲು ಈ ಅಪನಂಬಿಕೆಯಿಂದಲೇ.

ಅದರೊಳಗೆ ನಡೆಯುವುದರಲ್ಲಿ ಮಾಯಮಂತ್ರವೇನಿಲ್ಲ. ದಪ್ಪ ಪಿಂಗಾಣಿ ಪಾತ್ರೆ, ಅದು ಕೂರಲು ಒಂದು ಕವಚ, ಕವಚದೊಳಗೆ ಬಿಸಿಯಾಗುವ ತಂತಿ, ಮೇಲೊಂದು ಗಾಜಿನ ಮುಚ್ಚಳ, ಅಷ್ಟೇ. ಮೂರೂವರೆ ಲೀಟರಿನದು ಸುಮಾರು 200 ವ್ಯಾಟ್ ಎಳೆಯುತ್ತದೆ. ಲೋ, ಹೈ ಎಂಬ ಗುರುತುಗಳನ್ನು ಗ್ಯಾಸಿನ ಸಿಮ್ಮು, ಫುಲ್ಲು ಎಂದುಕೊಳ್ಳಬಾರದು. ಬಹುತೇಕ ಕುಕ್ಕರುಗಳಲ್ಲಿ ಎರಡೂ ಕೊನೆಗೆ ಮುಟ್ಟುವುದು ಒಂದೇ ಬಿಸಿ, ಕುದಿಯುವುದಕ್ಕಿಂತ ಒಂಚೂರು ಕೆಳಗೆ. ಹೈ ಬೇಗ ಮುಟ್ಟುತ್ತದೆ, ಲೋ ತಡವಾಗಿ ಮುಟ್ಟುತ್ತದೆ. ಪ್ರೆಶರ್ ಕುಕ್ಕರಿನ ಒಳಗೆ ಸುಮಾರು 120 ಡಿಗ್ರಿ ಇದ್ದರೆ ಇಲ್ಲಿ ನೂರನ್ನೂ ದಾಟುವುದಿಲ್ಲ. ಹಾಗಾಗಿ ಎರಡು ವಿಷಲ್ಲಿಗೆ ಬೇಯುವ ಆಲೂಗಡ್ಡೆಗೆ ಇಲ್ಲಿ ನಾಲ್ಕು ಗಂಟೆ. ಲಾಭವೇನು ಅಂದರೆ, ತಳ ಹಿಡಿಯುವುದಿಲ್ಲ. ಹಾಲು, ಆಲೂಗಡ್ಡೆ ಸೇರಿದ ಗಟ್ಟಿ ಸೂಪನ್ನು ಗ್ಯಾಸಿನ ಮೇಲೆ ಬಿಟ್ಟು ಒಂದು ಫೋನ್ ಎತ್ತಿದರೆ ಸಾಕು, ಸೀದ ವಾಸನೆ ಬೀದಿಗೆ ಬಂದಿರುತ್ತದೆ.

ಶಿಕಾಗೋದ ಇರ್ವಿಂಗ್ ನ್ಯಾಕ್ಸನ್ ಈ ಕುಕ್ಕರಿಗೆ ಪೇಟೆಂಟ್ ಪಡೆದದ್ದು 1940ರಲ್ಲಿ. 1971ರಲ್ಲಿ ಕ್ರಾಕ್-ಪಾಟ್ ಎಂಬ ಹೆಸರು ಹೊತ್ತ ಮೇಲೆ ಅದು ಅಮೆರಿಕದ ಮನೆಮನೆ ಹೊಕ್ಕಿತು. ಮಂಡ್ಯದ ಕಡೆ ಹಳ್ಳಿಗಳಲ್ಲಿ ಬೆರಣಿ ಕೆಂಡದ ಮೇಲೆ ಹಾಲಿನ ಮಡಕೆ ಇಟ್ಟು, ಕೆನೆ ಕೆಂಪಗಾಗುವ ತನಕ ಬಿಡುತ್ತಿದ್ದದ್ದೂ ಇದೇ ವಿದ್ಯೆ. ಆ ಮಡಕೆಯ ಮುಚ್ಚಳವನ್ನು ಮಾತ್ರ ಯಾರೂ ಎತ್ತುತ್ತಿರಲಿಲ್ಲ. ಪಕ್ಕದಲ್ಲೇ ಅಜ್ಜಿ ಕೂತಿರುತ್ತಿದ್ದರು.

ಮೊದಲ ಅನಾಹುತ ಅಡುಗೆ ಶುರುವಾಗುವ ಮುಂಚೆಯೇ ಆಗುತ್ತದೆ. ಮಗನೋ ಮಗಳೋ ನ್ಯೂಜೆರ್ಸಿಯಿಂದ ಸೂಟ್‌ಕೇಸಿನಲ್ಲಿ, ಸೀರೆಗಳ ನಡುವೆ ಸುತ್ತಿ ತಂದ ಕುಕ್ಕರ್. ಅದು 120 ವೋಲ್ಟಿನದು, ನಮ್ಮ ಗೋಡೆಯಲ್ಲಿ ಬರುವುದು 230. ಅಂಗಡಿಯಲ್ಲಿ ನೂರು ರೂಪಾಯಿಗೆ ಸಿಗುವ ಅಡಾಪ್ಟರ್ ಬದಲಿಸುವುದು ಪಿನ್ನಿನ ಆಕಾರವನ್ನೇ ಹೊರತು ವೋಲ್ಟೇಜನ್ನಲ್ಲ. ವೋಲ್ಟೇಜು ದುಪ್ಪಟ್ಟಿನ ಹತ್ತಿರ ಹೋದರೆ ಎಳೆಯುವ ಶಕ್ತಿ ನಾಲ್ಕು ಪಟ್ಟಿನ ಹತ್ತಿರ ಹೋಗುತ್ತದೆ. 250 ವ್ಯಾಟಿನ ಸ್ಲೋ ಕುಕ್ಕರ್ 900 ವ್ಯಾಟಿನ ಒಲೆಯಾಗಿ, ಕೆಲ ನಿಮಿಷ ತನ್ನ ಜನ್ಮದಲ್ಲೇ ಕಾಣದ ವೇಗದಲ್ಲಿ ದುಡಿದು, ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಬಿಟ್ಟು ಕಣ್ಮುಚ್ಚುತ್ತದೆ. ಗುಂಡಿ ಒತ್ತುವ ಡಿಜಿಟಲ್ ಮಾಡೆಲ್ಲಿಗೆ ಅಷ್ಟು ಆಯಸ್ಸೂ ಇಲ್ಲ. ಅದನ್ನೇ ಬಳಸಬೇಕೆಂಬ ಹಟವಿದ್ದರೆ ವೋಲ್ಟೇಜು ಇಳಿಸುವ, ಕನಿಷ್ಠ 500 ವ್ಯಾಟಿನ ಸ್ಟೆಪ್-ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. ಅದು ಕಟ್ಟೆಯ ಮೇಲೆ ಮಿಕ್ಸಿಯ ಜಾಗ ತಿನ್ನುತ್ತದೆ. ಇಲ್ಲೇ 230 ವೋಲ್ಟಿನದು ಕೊಳ್ಳುವುದು ಮೇಲು.

ಇನ್ನು ಮೀಟರಿನ ಚಿಂತೆ. "ಬೆಳಗ್ಗಿಂದ ಉರೀತಾನೇ ಇದೆಯಲ್ಲೋ, ಗೃಹಜ್ಯೋತಿ ಸರಾಸರಿ ದಾಟಿದ್ರೆ ಯಾರು ಕಟ್ತಾರೆ?" ಎಂದು ಕೇಳುವ ಹಿರಿಯರು ಎಲ್ಲ ಮನೆಯಲ್ಲೂ ಇದ್ದಾರೆ. ಲೆಕ್ಕ ಸರಳ: 200 ವ್ಯಾಟ್, ಎಂಟು ಗಂಟೆ ಅಂದರೆ 1.6 ಯೂನಿಟ್. ಬಚ್ಚಲಿನ 2000 ವ್ಯಾಟಿನ ಗೀಸರ್ ಅಷ್ಟನ್ನು 48 ನಿಮಿಷದಲ್ಲಿ ಕುಡಿಯುತ್ತದೆ. ಈ ಲೆಕ್ಕವನ್ನು ಸ್ನಾನ ಮುಗಿಸಿ ಬಂದವರ ಎದುರು ಹೇಳಬೇಡಿ.

ಮೂರೂವರೆ ಲೀಟರಿನ ಕುಕ್ಕರಿಗೆ, ಆರು ಜನಕ್ಕೆ, ಒಂದು ಕಿಲೋ ಆಲೂಗಡ್ಡೆ. ದೇವರಾಜ ಮಾರುಕಟ್ಟೆಯಲ್ಲಾಗಲಿ ಬೀದಿಯ ಗಾಡಿಯಲ್ಲಾಗಲಿ, ಉಗುರಿನಲ್ಲಿ ಕೆರೆದರೆ ಸಿಪ್ಪೆ ಸುಲಿದುಬರುವ ಹೊಸ ಗಡ್ಡೆ ಸೂಪಿಗೆ ಬೇಡ. ಅದು ಬೆಂದರೂ ತುಂಡಾಗಿಯೇ ನಿಲ್ಲುತ್ತದೆ. ಸಿಪ್ಪೆ ಗಟ್ಟಿಯಾದ, ಬಲಿತ ಗಡ್ಡೆಯಾದರೆ ಅರಳುತ್ತದೆ. ಹಸಿರು ತಿರುಗಿದ್ದನ್ನು ಬಿಡಿ. ಫ್ರಿಜ್ಜಿನಲ್ಲಿಟ್ಟ ಆಲೂಗಡ್ಡೆಯ ಪಿಷ್ಟ ಸಕ್ಕರೆಯಾಗಿರುತ್ತದೆ. ಅದರಲ್ಲಿ ಮಾಡಿದ ಸೂಪು ಸಿಹಿ ಹೊಡೆದು, ಉಪ್ಪು ಹಾಕಿದಷ್ಟೂ ಸಾಲದು ಅನ್ನಿಸುತ್ತದೆ. ಸಿಪ್ಪೆ ತೆಗೆದು ಎರಡು ಸೆಂಟಿಮೀಟರಿನ ತುಂಡು ಮಾಡಿ. ತುಂಡೆಲ್ಲ ಒಂದೇ ಅಳತೆಯಲ್ಲಿರಲಿ. ಇಲ್ಲದಿದ್ದರೆ ಅರ್ಧ ಕರಗಿ, ಅರ್ಧ ಕಟಕಟ ಅನ್ನುತ್ತದೆ.

ಆರು ಗಂಟೆ ಕಳೆದರೂ ಆಲೂಗಡ್ಡೆ ಬೇಯಲಿಲ್ಲ ಎಂಬ ದೂರು ಎಲ್ಲಕ್ಕಿಂತ ಹೆಚ್ಚು. ಬೈಗುಳ ಕುಕ್ಕರಿಗೆ ಬೀಳುತ್ತದೆ, ತಪ್ಪಿತಸ್ಥ ಟೊಮೆಟೊ. "ಸೂಪು ಅಂದ್ಮೇಲೆ ಟೊಮೆಟೊ ಬೇಡ್ವೇನೇ?" ಎಂದು ಅತ್ತೆಯವರು ಎರಡು ಹಣ್ಣು ಹೆಚ್ಚಿ ಹಾಕಿಯೇ ಬಿಡುತ್ತಾರೆ. ತರಕಾರಿಯ ಜೀವಕೋಶಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿದಿರುವುದು ಪೆಕ್ಟಿನ್. ಹುಳಿ ಬಿದ್ದರೆ ಅದು ಕರಗಲು ಒಪ್ಪುವುದಿಲ್ಲ. ಹುಣಸೆಹಣ್ಣು ಹಿಂಡಿದ ಮೇಲೆ ತರಕಾರಿ ಬೇಯಲ್ಲ ಎಂದು ಸಾಂಬಾರು ಮಾಡುವಾಗ ಎಲ್ಲರಿಗೂ ಗೊತ್ತು. ಪಾತ್ರೆ ಬದಲಾದ ಕೂಡಲೇ ಮರೆತುಹೋಗುತ್ತದೆ. ಎರಡನೆಯದು ನೀರು. ಪಾತ್ರೆಯೊಳಗೆ ಬಿಳಿ ಪದರ ಕಟ್ಟುವ ಗಡಸು ಬೋರ್ ನೀರಿನ ಕ್ಯಾಲ್ಸಿಯಂ ಪೆಕ್ಟಿನ್ನನ್ನು ಇನ್ನಷ್ಟು ಬಿಗಿ ಮಾಡುತ್ತದೆ. ಕಾವೇರಿ ನೀರು ಬರುವ ನಲ್ಲಿ ಇದ್ದರೆ ಅದನ್ನೇ ಹಿಡಿಯಿರಿ, ಇಲ್ಲವಾದರೆ ಫಿಲ್ಟರಿನದು. ಮೂರನೆಯದು ಕುಕ್ಕರಿನ ನಿಧಾನವೇ. ಆಲೂಗಡ್ಡೆ 55ರಿಂದ 70 ಡಿಗ್ರಿಯ ನಡುವೆ ತುಂಬ ಹೊತ್ತು ನಿಂತರೆ ಅದರೊಳಗಿನ ಒಂದು ಕಿಣ್ವ ಪೆಕ್ಟಿನ್ನನ್ನು ಕ್ಯಾಲ್ಸಿಯಂ ಜೊತೆ ಗಂಟುಹಾಕಿಸುತ್ತದೆ, ಆಮೇಲೆ ತುಂಡು ಸುಲಭಕ್ಕೆ ಮಣಿಯುವುದಿಲ್ಲ. ತಣ್ಣೀರು ಸುರಿದು ಲೋನಲ್ಲಿ ಇಟ್ಟರೆ ಆಗುವುದು ಇದೇ. ಆದ್ದರಿಂದ ಕಾದ ನೀರು ಹಾಕಿ, ಮೊದಲ ಒಂದು ಗಂಟೆಯಾದರೂ ಹೈನಲ್ಲಿಡಿ. ಆಫೀಸಿಗೆ ಹೋಗುವವರು ಆಮೇಲೆ ಲೋಗೆ ತಿರುಗಿಸಿದರೆ ಸಂಜೆ ತನಕ ಯೋಚನೆಯಿಲ್ಲ.

ಈರುಳ್ಳಿ ಎರಡು, ಬೆಳ್ಳುಳ್ಳಿ ಆರು ಎಸಳು, ಬೆಣ್ಣೆ 30 ಗ್ರಾಂ. ಈರುಳ್ಳಿಯನ್ನು ಹಸಿಯಾಗಿ ಹಾಕಿದರೆ ನಾಲ್ಕು ಗಂಟೆಯ ನಂತರವೂ ಹಸಿವಾಸನೆ ಇರುತ್ತದೆ, ಏಕೆಂದರೆ ಮುಚ್ಚಿದ ಪಾತ್ರೆಯಲ್ಲಿ ಅದು ಬೇಯುತ್ತದೆಯೇ ವಿನಾ ಬಾಡುವುದಿಲ್ಲ. ಬೇರೆ ಬಾಣಲೆಯಲ್ಲಿ ಬೆಣ್ಣೆಯ ಜೊತೆ ಬಾಡಿಸಿಕೊಳ್ಳಬೇಕು. 'ಬೇರೆ' ಎಂಬುದಕ್ಕೆ ಗೆರೆ ಎಳೆದುಕೊಳ್ಳಿ. ತೊಳೆಯುವ ಪಾತ್ರೆ ಒಂದು ಕಮ್ಮಿಯಾಗಲಿ ಅಂತ ಪಿಂಗಾಣಿಯನ್ನೇ ಗ್ಯಾಸಿನ ಮೇಲಿಟ್ಟರೆ ಟಪ್ಪೆಂದು ಒಂದು ಸದ್ದು ಬರುತ್ತದೆ. ಆ ಕುಕ್ಕರು ಜೀವಮಾನದಲ್ಲಿ ಹಾಕುವ ಒಂದೇ ಒಂದು ವಿಷಲ್ ಅದು. ಫ್ರಿಜ್ಜಿನಿಂದ ತೆಗೆದ ಪಾತ್ರೆಗೆ ಕುದಿನೀರು ಸುರಿದರೂ, ಬಿಸಿ ಪಾತ್ರೆಯನ್ನು ಸಿಂಕಿನಲ್ಲಿಟ್ಟು ನಲ್ಲಿ ಬಿಟ್ಟರೂ ಅದೇ ಗತಿ.

ಬಾಡಿದ ಈರುಳ್ಳಿ ಬೆಳ್ಳುಳ್ಳಿಯನ್ನು ಆಲೂಗಡ್ಡೆಯ ಮೇಲೆ ಹಾಕಿ 800 ಎಂಎಲ್ ಬಿಸಿ ನೀರು. ಇಲ್ಲಿ ಸಾರಿನ ಕೈ ಅಡ್ಡ ಬರುತ್ತದೆ. 'ಇಂಗಿಹೋಗುತ್ತೆ' ಎಂದು ಇನ್ನೊಂದು ಚೊಂಬು ಸುರಿಯಬೇಡಿ. ಆವಿ ಮುಚ್ಚಳಕ್ಕೆ ತಾಗಿ ಅಲ್ಲೇ ಹನಿಯಾಗಿ ಬೀಳುವುದರಿಂದ ಹಾಕಿದ ನೀರು ಬಹುಮಟ್ಟಿಗೆ ಹಾಗೇ ಉಳಿಯುತ್ತದೆ. ಆದರೆ ತುಂಡೆಲ್ಲ ಮುಳುಗಿರಬೇಕು, ಮೇಲೆ ತಲೆ ಎತ್ತಿದ್ದು ಬೂದಿ ಬಣ್ಣಕ್ಕೆ ತಿರುಗುತ್ತದೆ. ಪರದೇಶದ ವಿಧಾನಗಳಲ್ಲಿ ನೀರಿನ ಬದಲು ಸ್ಟಾಕ್, ಅಂದರೆ ತರಕಾರಿಯನ್ನೋ ಮಾಂಸವನ್ನೋ ಬೇಯಿಸಿ ಬಸಿದ ನೀರು, ಹಾಕಿ ಅಂತಿರುತ್ತದೆ. ಅದಕ್ಕೆ ಸೂಪರ್‌ಮಾರ್ಕೆಟ್ ಸುತ್ತಬೇಕಿಲ್ಲ, ಸಾರಿಗೆಂದು ಬಸಿದ ಬೇಳೆಕಟ್ಟು ಅರ್ಧ ಲೀಟರ್ ಹಾಕಿ ಉಳಿದದ್ದು ನೀರಾದರೆ ಮೈತುಂಬಿದ ರುಚಿ ಬರುತ್ತದೆ. ಉಪ್ಪು ಎರಡು ಟೀ ಚಮಚ ಮಟ್ಟಸವಾಗಿ, ಕುಟ್ಟಿದ ಮೆಣಸು ಅರ್ಧ ಚಮಚ. ಹೈನಲ್ಲಿ ಮೂರೂವರೆಯಿಂದ ನಾಲ್ಕು ಗಂಟೆ, ಲೋನಲ್ಲಿ ಏಳೆಂಟು.

ಮುಚ್ಚಳ ಎತ್ತಿದ ಪ್ರತಿ ಸಲಕ್ಕೂ ಇಪ್ಪತ್ತು ನಿಮಿಷ ದಂಡ ಕಟ್ಟಬೇಕು. ಹೋದ ಬಿಸಿಯನ್ನು 200 ವ್ಯಾಟಿನ ತಂತಿ ಮತ್ತೆ ದುಡಿಯಲು ಅಷ್ಟು ಹೊತ್ತು ಬೇಕು. ಗಾಜಿನ ಮುಚ್ಚಳವನ್ನು ಕೊಟ್ಟಿರುವುದೇ ಹೊರಗಿನಿಂದ ನೋಡಲಿ ಎಂದು. ಅದು ಬೆವತು ಏನೂ ಕಾಣದಿದ್ದರೆ ಸಂತೋಷಪಡಿ, ಒಳಗೆ ಆವಿ ಆಡುತ್ತಿದೆ ಎಂದರ್ಥ. ಮನೆಯಲ್ಲಿ ಕೈ ಸುಮ್ಮನಿರದವರು ಇದ್ದರೆ ಕುಕ್ಕರನ್ನು ಅಡುಗೆಮನೆಯಿಂದ ಎತ್ತಿ, ಎತ್ತರದ ಬೇರೆ ಜಾಗದಲ್ಲಿಡುವುದೇ ವಾಸಿ.

ಕರೆಂಟ್ ಹೋದರೆ? ಗುಬುಟು ತಿರುಗಿಸುವ ಸಾದಾ ಕುಕ್ಕರ್, ಕರೆಂಟ್ ಬಂದ ಕೂಡಲೇ ತಾನೇ ಶುರುವಾಗುತ್ತದೆ. ಡಿಜಿಟಲ್ ಜಾತಿಯವು ಅನೇಕ ವೇಳೆ ಸೊನ್ನೆಗೆ ಬಂದು, ಯಾರಾದರೂ ಗುಂಡಿ ಒತ್ತಲಿ ಅಂತ ಮಿಣಮಿಣ ಕಾಯುತ್ತವೆ. ನೀವು ಸಂಜೆ ಬರುವಷ್ಟರಲ್ಲಿ ಒಳಗಿರುವುದು ಉಗುರುಬೆಚ್ಚಗಿನ ಆಲೂಗಡ್ಡೆ ನೀರು. 60 ಡಿಗ್ರಿಗಿಂತ ಕೆಳಗೆ ಎರಡು ಗಂಟೆ ಮೀರಿ ಕೂತಿದ್ದನ್ನು ಮತ್ತೆ ಕುದಿಸಿ ಬಡಿಸುವ ಸಾಹಸ ಬೇಡ. ನಮ್ಮ ಕಡೆಗೆ ಸಾದಾ ಗುಬುಟಿನದೇ ಸರಿ. ಇನ್ನೊಂದು ಮಾತು, ಸೂಪು ಕೂಡಿಬಂದ ಹುಮ್ಮಸ್ಸಿನಲ್ಲಿ ಮರುದಿನ ಇದರಲ್ಲೇ ರಾಜ್ಮಾ ಬೇಯಿಸಲು ಹೋಗಬೇಡಿ. ಅದರಲ್ಲಿರುವ ವಿಷದಂಶ ಹೋಗಬೇಕಾದರೆ ಕನಿಷ್ಠ ಹತ್ತು ನಿಮಿಷ ಕೊತಕೊತ ಕುದಿಯಬೇಕು, ಅಷ್ಟು ಬಿಸಿ ಇದಕ್ಕಿಲ್ಲ.

ಕೊನೆಯ ಅರ್ಧ ಗಂಟೆ ಹಾಲಿನದು, ಮನೆ ಮರ್ಯಾದೆ ಹೋಗುವ ಹೊತ್ತೂ ಅದೇ. ಶುರುವಿನಲ್ಲೇ ಹಾಲು ಹಾಕಿದರೆ ನಾಲ್ಕು ಗಂಟೆಯ ಬಿಸಿಗೆ ಒಡೆಯುತ್ತದೆ. ನೀಲಿ ಪ್ಯಾಕೆಟ್ಟಿನ ಟೋನ್ಡ್ ಹಾಲಿನಲ್ಲಿ ಕೊಬ್ಬು ಶೇ 3 ಮಾತ್ರ, ಅದು ಇನ್ನೂ ಬೇಗ ಕೈಕೊಡುತ್ತದೆ. ಮೊದಲು ಬೆಂದ ಆಲೂಗಡ್ಡೆಯಲ್ಲಿ ಅರ್ಧದಷ್ಟನ್ನು ಪಾತ್ರೆಯೊಳಗೇ ಮಸೆಯಿರಿ. ಮಸ್ಸೊಪ್ಪಿಗೆ ಬಳಸುವ ಮರದ ಕಡಗೋಲು ಇದಕ್ಕೆಂದೇ ಹುಟ್ಟಿದೆ. ಮಿಕ್ಸಿಗೆ ಹಾಕಿದರೆ ಎರಡು ಶಿಕ್ಷೆ: ಬಿಸಿ ಆವಿ ಜಾರಿನ ಮುಚ್ಚಳ ಹಾರಿಸಿ ಸೂಪನ್ನು ತಾರಸಿಗೆ ಬಳಿಯುತ್ತದೆ; ಉಳಿದದ್ದರಲ್ಲಿ ಪಿಷ್ಟದ ಕಣವೆಲ್ಲ ಒಡೆದು, ಮಕ್ಕಳ ಪುಸ್ತಕಕ್ಕೆ ಬೈಂಡು ಹಾಕಬಹುದಾದ ಗೋಂದು ತಯಾರಾಗುತ್ತದೆ. ಆಮೇಲೆ 50 ಎಂಎಲ್ ತಣ್ಣನೆ ಹಾಲಿನಲ್ಲಿ ಒಂದು ಟೇಬಲ್ ಚಮಚ ಕಾರ್ನ್‌ಫ್ಲೋರ್ ಗಂಟಿಲ್ಲದಂತೆ ಕದಡಿ, ಗ್ಯಾಸಿನ ಮೇಲೆ ಬಿಸಿ ಮಾಡಿದ 250 ಎಂಎಲ್ ಹಾಲಿನ ಜೊತೆ ಸುರಿಯಿರಿ. ಪಿಷ್ಟವಿದ್ದರೆ ಹಾಲು ಒಡೆಯುವುದೂ ತಪ್ಪುತ್ತದೆ. ಹಾಲನ್ನು ತಣ್ಣಗೆ ಹಾಕಿದರೆ ಮತ್ತೆ ಅದೇ ಮುಚ್ಚಳದ ದಂಡ. ಹೈನಲ್ಲಿ ಅರ್ಧ ಗಂಟೆ, ನಡುವೆ ಒಂದು ಸಲ ಮಾತ್ರ ಕೈಯಾಡಿಸಿ.

ಕ್ರೀಮು ನೂರು ಎಂಎಲ್, ಸ್ವಿಚ್ ಆರಿಸುವ ಮುಂಚೆ. ಪ್ಯಾಕೆಟ್ಟಿನ ಫ್ರೆಶ್ ಕ್ರೀಮಿನಲ್ಲಿ ಶೇ 25ರ ಸುಮಾರು ಕೊಬ್ಬಿರುವುದರಿಂದ ಅದು ಸಲೀಸಾಗಿ ಬೆರೆಯುತ್ತದೆ. "ಅದಕ್ಯಾಕೆ ದುಡ್ಡು, ಫ್ರಿಜ್ಜಲ್ಲಿ ಕೆನೆ ಡಬ್ಬಿ ಇಲ್ವಾ?" ಎಂಬ ಪ್ರಶ್ನೆ ಬಂದೇ ಬರುತ್ತದೆ. ಬೆಣ್ಣೆಗೆಂದು ವಾರದಿಂದ ಕೂಡಿಟ್ಟ ಆ ಕೆನೆ ಹುಳಿ ತಿರುಗಿರುತ್ತದೆ, ಬಿಸಿ ಸೂಪಿಗೆ ಬಿದ್ದ ಕೂಡಲೇ ಮೊಸರು ಗಸಿಯಂತೆ ಬಿಡಿಬಿಡಿಯಾಗುತ್ತದೆ. ಇವತ್ತಿನ ಕೆನೆಯಾದರೆ ಹಾಲಿನ ಜೊತೆ ಕಡೆದು ಹಾಕಬಹುದು. ಅಮೆರಿಕದ ವಿಧಾನಗಳಲ್ಲಿ ಬರುವ ಕ್ರೀಮ್ ಚೀಸಿಗೆ ಬದಲಾಗಿ ಪನೀರ್ ತುರಿಯುವವರಿದ್ದಾರೆ. ಹುಳಿಯಿಂದ ಗಟ್ಟಿಯಾದ ಪನೀರು ಕರಗುವುದಿಲ್ಲ, ಮರಳು ಮರಳಾಗಿ ನಾಲಿಗೆಗೆ ಸಿಗುತ್ತದೆ. ಪ್ರೊಸೆಸ್ಡ್ ಚೀಸು 50 ಗ್ರಾಂ ತುರಿದು ಹಾಕಿ. ಅದರಲ್ಲಿರುವ ಲವಣಗಳು ಎಣ್ಣೆ ಬಿಡದಂತೆ ಕರಗಿಸುತ್ತವೆ.

ಕಡೆಗೆ ಉಪ್ಪು ನೋಡಿ, ಮೆಣಸು ಉದುರಿಸಿ. ಒಗ್ಗರಣೆ ಬೇಡವೇ ಎಂದು ಕೇಳುವವರಿಗೆ ಬೇಡ ಎಂದು ಹೇಳುವ ಧೈರ್ಯ ಯಾರಿಗೂ ಇಲ್ಲ. ಬಟ್ಟಲಿಗೆ ಬಡಿಸಿದ ಮೇಲೆ ಅವರವರ ಪಾಲಿಗೆ ತುಪ್ಪ, ಜೀರಿಗೆ, ಕರಿಬೇವಿನದು ಹಾಕಿಕೊಳ್ಳಲಿ, ಪಿಂಗಾಣಿ ಪಾತ್ರೆಗೆ ಬೇಡ. ಜೊತೆಗೆ ಬ್ರೆಡ್ಡಿಗಿಂತ ಮದ್ದೂರು ವಡೆ ವಾಸಿ, ಅದ್ದಿದರೂ ಅಷ್ಟು ಬೇಗ ಮೆತ್ತಗಾಗುವುದಿಲ್ಲ.

ಮಿಕ್ಕಿದ್ದನ್ನು ಅಗಲವಾದ ಡಬ್ಬಿಗೆ ಸುರಿದು ಆರಿಸಿ, ಸ್ವಿಚ್ ಆರಿಸಿದ ಎರಡು ಗಂಟೆಯೊಳಗೆ ಫ್ರಿಜ್ಜಿಗೆ. ಫ್ರೀಜರಿಗೆ ಬೇಡ, ನೀರು ಬಿಟ್ಟು ತರಿತರಿಯಾಗುತ್ತದೆ. ಮರುದಿನ ಬಿಸಿ ಮಾಡುವುದು ಗ್ಯಾಸಿನ ಮೇಲೆ, ಒಂದಿಷ್ಟು ಹಾಲು ಸೇರಿಸಿ. ಸ್ಲೋ ಕುಕ್ಕರಿಗೆ ಆ ಕೆಲಸ ಕೊಟ್ಟರೆ ಬಿಸಿಯಾಗುವಷ್ಟರಲ್ಲಿ ಕೆಟ್ಟಿರುತ್ತದೆ. ರಾತ್ರಿ ಕಳೆದು ಚಮಚ ನಿಲ್ಲುವಷ್ಟು ಗಟ್ಟಿಯಾಗಿದ್ದರೆ ಅಕ್ಕಿಹಿಟ್ಟು, ಹಸಿಮೆಣಸಿನಕಾಯಿ, ಸಬ್ಬಸಿಗೆ ಸೊಪ್ಪು ಹಾಕಿ ಕಲಸಿ ರೊಟ್ಟಿ ತಟ್ಟಿ. ಉಪ್ಪು ಹಾಕುವ ಮುಂಚೆ ಹಿಟ್ಟನ್ನು ನಾಲಿಗೆಗೆ ಮುಟ್ಟಿಸಿ ನೋಡಿ, ಚೀಸಿನ ಉಪ್ಪು ಅದರಲ್ಲಿ ಇದ್ದೇ ಇದೆ.